ಕಮಲಾದೇವಿ ಚಟ್ಟೋಪಾಧ್ಯಾಯ: ನಿರಾಶ್ರಿತರ ಕೈಗೆ ಕೆಲಸ ಕೊಟ್ಟ ಮಂಗಳೂರಿನ ಮಗಳು

ನನ್ನ ಬೋಧನಾಭ್ಯಾಸದ ಮೂರನೆಯ ವಾರ ಅದು. ನನ್ನ ವಿಷಯ ಗಣಿತ ಮತ್ತು ವಿಜ್ಞಾನ. ಆ ದಿನ ಸಮಾಜ ವಿಜ್ಞಾನದ ಟೀಚರ್ ರಜೆಯಲ್ಲಿದ್ದುದರಿಂದ ಎಂಟನೆಯ ತರಗತಿಯ ಒಂದು ಅವಧಿ ನನ್ನ ಪಾಲಿಗೆ ಬಂತು. ಪಾಠಯೋಜನೆ ಇರಲಿಲ್ಲ. ಬಿ.ಇಡಿ. ತರಗತಿಯಲ್ಲಿ ಮಕ್ಕಳ ಹಕ್ಕುಗಳ ಬಗ್ಗೆ ಓದಿದ್ದು ನೆನಪಾಗಿ, ಎಗ್ಲಂಟೈನ್ ಜೆಬ್ ಅವರ ಕತೆ ಹೇಳಿದೆ. ಇಂಗ್ಲೆಂಡಿನ ಈ ಮಹಿಳೆ ಸ್ವಲ್ಪ ಕಾಲ ಶಾಲಾ ಶಿಕ್ಷಕಿಯಾಗಿದ್ದವರು. ಮೊದಲ ಮಹಾಯುದ್ಧದ ನಂತರ ಸೋತ ದೇಶಗಳ ಮಕ್ಕಳು ಹಸಿವಿನಿಂದ ನರಳುತ್ತಿದ್ದಾಗ, 1919ರಲ್ಲಿ ತಂಗಿಯ ಜೊತೆಗೂಡಿ ಸೇವ್ ದಿ ಚಿಲ್ಡ್ರನ್ ಸಂಸ್ಥೆಯನ್ನು ಕಟ್ಟಿದರು. ಅವರು ಸಿದ್ಧಪಡಿಸಿದ ಮಕ್ಕಳ ಹಕ್ಕುಗಳ ಘೋಷಣೆಯನ್ನು 1924ರಲ್ಲಿ ಲೀಗ್ ಆಫ್ ನೇಷನ್ಸ್ ಅಂಗೀಕರಿಸಿತು.

ಕತೆ ಮುಗಿಯುತ್ತಿದ್ದಂತೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಇಂಥ ಕೆಲಸ ಮಾಡಿದವರು ನಮ್ಮ ಊರಿನಲ್ಲಿ ಯಾರೂ ಇಲ್ಲವೇ ಎಂದು ಕೇಳಿದಳು. ನಾಳೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇತ್ತು.

ಅದೇ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಅವನ ಊರು ಮಲಪ್ರಭಾ ನದಿಯ ದಂಡೆಯಲ್ಲಿ. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಮನೆ ಬಿದ್ದುಹೋಗಿ, ತಂದೆತಾಯಿ ಕಟ್ಟಡದ ಕೆಲಸ ಹುಡುಕಿಕೊಂಡು ಮಂಗಳೂರಿಗೆ ಬಂದವರು. ಇದನ್ನು ತಿಳಿದ ದಿನದಿಂದ ನಾನು ಅವನನ್ನು ಬೇರೆಯಾಗಿಯೇ ನೋಡತೊಡಗಿದ್ದೆ. ಪುಸ್ತಕ, ಪೆನ್ನು ತಂದುಕೊಟ್ಟೆ. ಮನೆಗೆಲಸ ಮಾಡದಿದ್ದರೂ ಕೇಳುತ್ತಿರಲಿಲ್ಲ. ಉತ್ತರ ಬಾರದೆ ಅವಮಾನವಾದೀತೆಂದು ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಇದೆಲ್ಲ ನನ್ನ ಒಳ್ಳೆಯತನವೆಂದೇ ನಾನು ತಿಳಿದಿದ್ದೆ. ಆ ವಾರ ಮಾರ್ಗದರ್ಶಕ ಶಿಕ್ಷಕಿ ನನ್ನ ಅವಲೋಕನ ಪತ್ರದಲ್ಲಿ, ಕೊನೆಯ ಬೆಂಚಿನ ಒಬ್ಬ ವಿದ್ಯಾರ್ಥಿಗೆ ಒಂದೂ ಪ್ರಶ್ನೆ ಹೋಗುತ್ತಿಲ್ಲ ಎಂದು ಬರೆದಿದ್ದರು.

ಇಂಥ ಮನಸ್ಥಿತಿಯಲ್ಲಿ ಕಾಲೇಜಿನ ಗ್ರಂಥಾಲಯದಲ್ಲಿ ಹುಡುಕುವಾಗ ಸಿಕ್ಕಿದವರು ಕಮಲಾದೇವಿ ಚಟ್ಟೋಪಾಧ್ಯಾಯ. ಅಲ್ಲಿಯವರೆಗೆ ನನಗೆ ಅವರು ಒಂದು ಅಂಕದ ಪ್ರಶ್ನೆಯ ಉತ್ತರ ಮಾತ್ರ. ಕರಕುಶಲ ಕಲೆಗಳಿಗೆ ಜೀವ ಕೊಟ್ಟವರು ಎಂಬಷ್ಟೇ ಗೊತ್ತಿತ್ತು.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಇದೇ ಮಂಗಳೂರಿನಲ್ಲಿ. ತಂದೆ ಅನಂತಯ್ಯ ಧಾರೇಶ್ವರ ಉನ್ನತ ಸರಕಾರಿ ಅಧಿಕಾರಿ. ತಾಯಿ ಗಿರಿಜಾಬಾಯಿ ಓದಿನ ಆಸಕ್ತಿಯಿದ್ದ ಗಟ್ಟಿ ಹೆಂಗಸು. ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಮಗಳಿಗೆ ಉಳಿದದ್ದು ತಿಂಗಳಿಗಿಷ್ಟು ಎಂಬ ಜೀವನಾಂಶ. ಗಿರಿಜಾಬಾಯಿ ಅದನ್ನು ಬೇಡವೆಂದು, ತನ್ನದೇ ಸ್ತ್ರೀಧನದಿಂದ ಮಗಳನ್ನು ಬೆಳೆಸಿದರು. ಕೈಚಾಚುವುದಕ್ಕಿಂತ ಕಷ್ಟಪಡುವುದು ಮೇಲು ಎಂಬ ಪಾಠ ಮಗಳಿಗೆ ಮನೆಯಲ್ಲೇ ಆಯಿತು.

ಹದಿನಾಲ್ಕಕ್ಕೆ ಮದುವೆ, ಎರಡು ವರ್ಷಗಳಲ್ಲಿ ವೈಧವ್ಯ. ಆ ಕಾಲದಲ್ಲಿ ಅಲ್ಲಿಗೆ ಒಂದು ಹೆಣ್ಣಿನ ಕತೆ ಮುಗಿಯಬೇಕಿತ್ತು. ತಾಯಿಯ ಬೆಂಬಲದಿಂದ ಮದರಾಸಿಗೆ ಹೋಗಿ ಕ್ವೀನ್ ಮೇರಿಸ್ ಕಾಲೇಜಿನಲ್ಲಿ ಓದಿದರು. ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮರುಮದುವೆಯಾದರು. ಲಂಡನ್ನಿನಲ್ಲಿ ಸಮಾಜಶಾಸ್ತ್ರ ಓದಿ, ಗಾಂಧೀಜಿಯವರ ಚಳವಳಿಯ ಕರೆಗೆ ದೇಶಕ್ಕೆ ಮರಳಿದರು. 1926ರಲ್ಲಿ ಮದರಾಸು ಶಾಸನ ಪರಿಷತ್ತಿಗೆ ಸ್ಪರ್ಧಿಸಿ ಅತ್ಯಲ್ಪ ಮತಗಳಿಂದ ಸೋತರು. 1927ರಲ್ಲಿ ಆರಂಭವಾದ ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಸಂಘಟನಾ ಕಾರ್ಯದರ್ಶಿ ಇವರೇ. ಹೆಣ್ಣುಮಕ್ಕಳ ಶಿಕ್ಷಣಕ್ಕೆಂದೇ ಹುಟ್ಟಿದ ಈ ಸಂಸ್ಥೆಯ ಪ್ರಯತ್ನದಿಂದ 1932ರಲ್ಲಿ ದೆಹಲಿಯ ಲೇಡಿ ಇರ್ವಿನ್ ಕಾಲೇಜು ಆರಂಭವಾಯಿತು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬಯಿಯಲ್ಲಿ ಉಪ್ಪು ಮಾರಿ ಜೈಲು ಸೇರಿದರು. ಎರಡನೆಯ ಮಹಾಯುದ್ಧದ ಕಾಲಕ್ಕೆ ವಿದೇಶದಲ್ಲಿದ್ದು, ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾವನ್ನು ಕಣ್ಣಾರೆ ಕಂಡು ಅದರ ಬಗ್ಗೆ ಪುಸ್ತಕ ಬರೆದರು. ಯುದ್ಧವು ಸಾಮಾನ್ಯ ಜನರ ಮನೆಮಠವನ್ನು ಹೇಗೆ ಕಿತ್ತುಹಾಕುತ್ತದೆ ಎಂಬುದನ್ನು ದೇಶ ವಿಭಜನೆಗೆ ಮೊದಲೇ ನೋಡಿದ್ದವರು ಅವರು.

ಸ್ವಾತಂತ್ರ್ಯ ಬಂದಾಗ ಅವರಿಗೆ ನಲವತ್ನಾಲ್ಕು ವರ್ಷ. ಅವರ ಜೊತೆಗಾರರಲ್ಲಿ ಹಲವರು ಅಧಿಕಾರದ ಸ್ಥಾನಗಳಿಗೆ ಹೋದರು. ಕಮಲಾದೇವಿ ನಿರಾಶ್ರಿತರ ಶಿಬಿರಗಳಿಗೆ ಹೋದರು. ಕುರುಕ್ಷೇತ್ರ ಒಂದರಲ್ಲೇ ಲಕ್ಷಗಟ್ಟಲೆ ಜನ ಡೇರೆಗಳಲ್ಲಿದ್ದರು. ಸರಕಾರ ಊಟ, ಬಟ್ಟೆ ಕೊಡುತ್ತಿತ್ತು. ಪ್ರಾಣ ಉಳಿಯಲು ಅದು ಬೇಕೇ ಬೇಕು. ಆದರೆ ತಿಂಗಳುಗಟ್ಟಲೆ ಸಾಲಿನಲ್ಲಿ ನಿಂತು ಪಡಿ ಪಡೆಯುವ ತಂದೆಯನ್ನು ನೋಡುತ್ತ ಬೆಳೆಯುವ ಮಗು ಏನು ಕಲಿತೀತು? ಕಮಲಾದೇವಿಯವರ ಕೆಲಸವೆಲ್ಲ ಈ ಚಿಂತೆಯಿಂದಲೇ ಹೊರಟಂತೆ ನನಗೆ ಕಾಣುತ್ತದೆ. 1948ರಲ್ಲಿ ಅವರ ನೇತೃತ್ವದಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಆರಂಭವಾಯಿತು. ದೆಹಲಿಯ ಬಳಿಯ ಛತ್ತರ್‌ಪುರದಲ್ಲಿ ನಿರಾಶ್ರಿತರಿಂದಲೇ ಸಹಕಾರಿ ಬೇಸಾಯ ಮಾಡಿಸಿದ್ದು ಅದರ ಮೊದಲ ಹೆಜ್ಜೆಗಳಲ್ಲೊಂದು.

ದೊಡ್ಡ ಪರೀಕ್ಷೆ ಫರೀದಾಬಾದ್. ವಾಯವ್ಯ ಗಡಿ ಪ್ರಾಂತ್ಯದಿಂದ ಬಂದ ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಅಲ್ಲಿ ಹೊಸ ಊರು ಕಟ್ಟಬೇಕಿತ್ತು. ಅದಕ್ಕಾಗಿ 1949ರಲ್ಲಿ ರಚಿಸಿದ ಮಂಡಳಿಗೆ ರಾಜೇಂದ್ರ ಪ್ರಸಾದರು ಅಧ್ಯಕ್ಷರು. ಇಲಾಖೆಯವರು ರೂಢಿಯಂತೆ ಗುತ್ತಿಗೆದಾರರಿಂದ ಮನೆ ಕಟ್ಟಿಸಲು ಹೊರಟಾಗ, ಕಮಲಾದೇವಿ ಮತ್ತು ಅವರ ಸಂಗಡಿಗರು ಮನೆಗಳನ್ನು ನಿರಾಶ್ರಿತರೇ ಕಟ್ಟಲಿ ಎಂದು ಪಟ್ಟುಹಿಡಿದರು. ಇವರಲ್ಲಿ ಬಹಳ ಮಂದಿ ವ್ಯಾಪಾರಸ್ಥರು, ಕರಣೆ ಹಿಡಿದು ಗೊತ್ತಿಲ್ಲದವರು ಎಂಬ ಆಕ್ಷೇಪ ಬಂತು. ಕೊನೆಗೆ ಕಾರ್ಮಿಕರ ಸಹಕಾರ ಸಂಘಗಳು ರಚನೆಯಾದವು. ಅಂಗಡಿ ನಡೆಸಿದ್ದವರು ಇಟ್ಟಿಗೆ ಹೊತ್ತರು, ಗೋಡೆ ಎಬ್ಬಿಸಿದರು, ಕೂಲಿ ಪಡೆದರು, ತಾವು ಕಟ್ಟಿದ ಮನೆಗಳಿಗೆ ತಾವೇ ಹೋದರು. ಸ್ಥಳದಲ್ಲಿದ್ದು ಈ ಕೆಲಸ ಸಂಘಟಿಸಿದ ಎಲ್.ಸಿ. ಜೈನ್ ಅವರಿಗೆ ಆಗ ಹೆಚ್ಚುಕಡಿಮೆ ನನ್ನದೇ ವಯಸ್ಸು.

ಮಕ್ಕಳ ಶಾಲೆಯನ್ನು ಮನೆಗಳೆಲ್ಲ ಆದ ಮೇಲಿನ ಮಾತೆಂದು ಮುಂದೂಡಲಿಲ್ಲ ಎಂಬುದು ಪ್ರಶಿಕ್ಷಣಾರ್ಥಿಗಳಾದ ನಾವು ಮುಖ್ಯವಾಗಿ ಗಮನಿಸಬೇಕಾದ ಅಂಶ. ಸೇವಾಗ್ರಾಮದ ಹಿಂದೂಸ್ತಾನಿ ತಾಲೀಮಿ ಸಂಘದವರು ಬಂದು ನಯಿ ತಾಲೀಮ್ ಪದ್ಧತಿಯ ಶಾಲೆಗಳನ್ನು ನಡೆಸಿದರು. ಕೈಕೆಲಸದ ಮೂಲಕ ಅಕ್ಷರ, ಲೆಕ್ಕ ಕಲಿಸುವ ಈ ಪದ್ಧತಿಯನ್ನು ನಾವು ಶಿಕ್ಷಣದ ತತ್ತ್ವಗಳ ಪತ್ರಿಕೆಯಲ್ಲಿ ಬಾಯಿಪಾಠ ಮಾಡುತ್ತೇವೆ. ತಂದೆ ಗೋಡೆ ಕಟ್ಟುತ್ತಿದ್ದ ಊರಿನಲ್ಲಿ ಮಗು ಶಾಲೆಯಲ್ಲೂ ಕೈಯಿಂದಲೇ ಕಲಿಯುತ್ತಿತ್ತು ಎಂದು ನೆನೆಸಿಕೊಂಡಾಗಲೇ ಅದರ ಅರ್ಥ ನನಗೆ ಆದದ್ದು.

ಎಲ್ಲವೂ ಅವರು ಅಂದುಕೊಂಡಂತೆ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಇಲಾಖೆಗಳ ಹಳೆಯ ಪದ್ಧತಿ ಮರಳಿ ಬಂದು, ಸಹಕಾರ ಸಂಘಗಳು ಹಿಂದೆ ಸರಿದವು. ಫರೀದಾಬಾದ್ ಕಾರ್ಖಾನೆಗಳ ದೊಡ್ಡ ನಗರವಾಗಿ ಬೆಳೆಯಿತು. ಕಮಲಾದೇವಿ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತರು. ದುಡಿಯುವ ಕೈಗೆ ಮರ್ಯಾದೆ ಕೊಡುವ ಅದೇ ಕೆಲಸವನ್ನು ಅಲ್ಲಿ ಮುಂದುವರಿಸಿದರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂದವು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ತೀರಿಕೊಂಡರು.

ಇದನ್ನೆಲ್ಲ ಓದಿದ ಮೇಲೆ ಕೊನೆಯ ಬೆಂಚಿನ ಹುಡುಗನ ಮುಖ ನೋಡಲು ನನಗೆ ನಾಚಿಕೆಯಾಯಿತು. ನಾನು ಅವನಿಗೆ ಪಡಿ ಹಂಚುತ್ತಿದ್ದೆ, ಅಷ್ಟೆ. ಕೆಲಸ ಕೊಟ್ಟಿರಲಿಲ್ಲ.

ಮುಂದಿನ ಗಣಿತ ಪಾಠ ನೇರ ಮತ್ತು ವಿಲೋಮ ಅನುಪಾತಗಳು. ಪಾಠಯೋಜನೆಯಲ್ಲಿದ್ದ ಉದಾಹರಣೆಯನ್ನು ಬದಿಗಿಟ್ಟು, ಗೋಡೆ ಕಟ್ಟುವಾಗ ಸಿಮೆಂಟನ್ನು ಹೇಗೆ ಕಲಸುತ್ತಾರೆ ಎಂದು ಅವನನ್ನೇ ಕೇಳಿದೆ. ಎದ್ದು ನಿಂತ, ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಒಂದು ಬಾಂಡ್ಲಿ ಸಿಮೆಂಟಿಗೆ ಆರು ಬಾಂಡ್ಲಿ ಉಸುಕು ಎಂದ. ಉಸುಕು ಎಂದದ್ದಕ್ಕೆ ತರಗತಿ ನಕ್ಕಿತು. ಇಲ್ಲಿಯ ಮಕ್ಕಳಿಗೆ ಅದು ಹೊಯ್ಗೆ, ಪುಸ್ತಕದಲ್ಲಿ ಮರಳು. ಮೂರೂ ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆಯಲು ಅವನಿಗೇ ಹೇಳಿದೆ. ಗಾರೆಗೆ ಒಂದಕ್ಕೆ ನಾಲ್ಕು ಎಂದು ಅವನೇ ಸೇರಿಸಿದ. ಎರಡು ಬಗೆಯ ಕೋಷ್ಟಕಗಳನ್ನು ಅವನು ಹೇಳುತ್ತ ಹೋದ, ತರಗತಿ ತುಂಬಿಸುತ್ತ ಹೋಯಿತು. ಒಂದು ಕಡೆ ಅವನ ಗುಣಾಕಾರ ತಪ್ಪಿತು. ಹಿಂದಿನ ವಾರವಾಗಿದ್ದರೆ ನೋಡದವಳಂತೆ ಇರುತ್ತಿದ್ದೆ. ಈ ಸಲ ತಪ್ಪಿದೆ ಎಂದೆ. ಅವನು ಅಳಿಸಿ ಸರಿಮಾಡಿದ.

ಒಂದು ಅವಧಿಯಿಂದ ಎಲ್ಲ ಬದಲಾಯಿತು ಎಂದು ಹೇಳಲಾರೆ. ಅವನು ಈಗಲೂ ಆಗಾಗ ರಜೆ ಹಾಕುತ್ತಾನೆ. ಆದರೆ ಬಂದ ದಿನ ಅವನಿಗೂ ಪ್ರಶ್ನೆಯಿದೆ, ಮನೆಗೆಲಸವಿದೆ, ತಪ್ಪಿದರೆ ಕೆಂಪು ಗುರುತಿದೆ. ಮುಂದಿನ ಬೆಂಚಿನ ಹುಡುಗಿಗೆ ಕೊಟ್ಟ ಮಾತನ್ನೂ ಮರುವಾರ ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಉಳಿಸಿಕೊಂಡೆ. ಕಮಲಾದೇವಿಯವರ ಕತೆಯನ್ನು ಹತ್ತು ನಿಮಿಷಗಳಲ್ಲಿ ಹೇಳಿದೆ. ಮೂವತ್ತು ಸಾವಿರ ಜನರ ಊರು ಕಟ್ಟಲು ಎಷ್ಟು ಬಾಂಡ್ಲಿ ಉಸುಕು ಬೇಕಾಗಿರಬಹುದು ಎಂದು ಸಭೆ ಮುಗಿದ ಮೇಲೆ ಬಂದು ಕೇಳಿದವನು ಮಾತ್ರ ಆ ಹುಡುಗ. ಲೆಕ್ಕ ಹಾಕಿಕೊಂಡು ಬಾ ಎಂದು ಕಳುಹಿಸಿದ್ದೇನೆ.