ನೆಲಕಡಲೆ ಎಣ್ಣೆಯಲ್ಲಿ ಓಡಿದ ಇಂಜಿನ್: ರುಡಾಲ್ಫ್ ಡೀಸೆಲ್ ಬದುಕಿನ ಲೆಕ್ಕ

ಡೀಸೆಲ್ ಅನ್ನುವುದು ಒಬ್ಬ ಮನುಷ್ಯನ ಹೆಸರು ಅಂತ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಉಪ್ಪಳದಿಂದ ಮಂಗಳೂರಿಗೆ ಹೋಗುವ ಬಸ್ಸು, ದಕ್ಕೆಯ ಬೋಟು, ಮೀನಿನ ಲಾರಿ, ಕರೆಂಟ್ ಹೋದಾಗ ಮದುವೆ ಹಾಲ್‌ನ ಹಿಂದೆ ಗುಡುಗುಡು ಅನ್ನುವ ಜನರೇಟರ್, ಎಲ್ಲದರಲ್ಲೂ ಇರುವುದು ಅವರದ್ದೇ ಇಂಜಿನ್. ಅವರ ಬಗ್ಗೆ ಒಂದು ಮೆಸೇಜ್ ಆಗಾಗ ಮೊಬೈಲ್‌ನಲ್ಲಿ ತಿರುಗುತ್ತಾ ಇರುತ್ತದೆ: ಅವರು ಇಂಜಿನ್ ಮಾಡಿದ್ದೇ ಅಡುಗೆ ಎಣ್ಣೆಗಾಗಿ, ಅದಕ್ಕೇ ಪೆಟ್ರೋಲಿಯಂ ಕಂಪೆನಿಯವರು ಅವರನ್ನು ಕಡಲಿಗೆ ತಳ್ಳಿ ಕೊಂದರು ಅಂತ. ಮೊದಲನೆಯದು ಅರ್ಧ ಸತ್ಯ. ಎರಡನೆಯದಕ್ಕೆ ಪುರಾವೆ ಇಲ್ಲ. ನಿಜವಾದ ಕಥೆ ಬೇರೆಯೇ ಇದೆ, ವ್ಯಾಪಾರ ಮಾಡುವವರು ತಿಳಿದಿರಬೇಕಾದ ಕಥೆ ಅದು.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು ಪ್ಯಾರಿಸ್‌ನಲ್ಲಿ. ತಂದೆ ತಾಯಿ ಜರ್ಮನಿಯವರು. ತಂದೆಗೆ ಪುಸ್ತಕ ಬೈಂಡಿಂಗ್ ಮತ್ತು ಚರ್ಮದ ಸಾಮಾನಿನ ಸಣ್ಣ ಕಸುಬು, ಹುಡುಗನೂ ಕೈಗಾಡಿಯಲ್ಲಿ ಮಾಲು ತಲುಪಿಸುತ್ತಿದ್ದ. 1870ರಲ್ಲಿ ಫ್ರಾನ್ಸ್‌ಗೂ ಜರ್ಮನರಿಗೂ ಯುದ್ಧ ಶುರುವಾಯಿತು. ಜರ್ಮನರು ಊರು ಬಿಡಬೇಕಾಯಿತು. ಕುಟುಂಬ ಲಂಡನ್ ಸೇರಿತು, 12 ವರ್ಷದ ಹುಡುಗನನ್ನು ಮಾತ್ರ ಜರ್ಮನಿಯ ಆಗ್ಸ್‌ಬರ್ಗ್‌ನ ಸಂಬಂಧಿಕರ ಮನೆಗೆ ಕಳಿಸಿದರು. ಆ ಮನೆಯ ಯಜಮಾನ ಗಣಿತದ ಮೇಷ್ಟ್ರು. ಹುಡುಗ ಇಂಜಿನಿಯರ್ ಆಗುತ್ತೇನೆ ಅಂತ ಅಲ್ಲೇ ತೀರ್ಮಾನ ಮಾಡಿಬಿಟ್ಟ.

ಮ್ಯೂನಿಕ್‌ನ ಪಾಲಿಟೆಕ್ನಿಕ್‌ನಲ್ಲಿ ಅವರಿಗೆ ಗುರುವಾಗಿ ಸಿಕ್ಕಿದ್ದು ಕಾರ್ಲ್ ಫಾನ್ ಲಿಂಡೆ, ಮಂಜುಗಡ್ಡೆ ಮಾಡುವ ಯಂತ್ರಗಳಿಗೆ ಹೆಸರಾದವರು. ಟೈಫಾಯ್ಡ್ ಬಂದು 1879ರ ಪರೀಕ್ಷೆ ತಪ್ಪಿತು. ಮುಂದಿನ ಜನವರಿಯಲ್ಲಿ ಬರೆದು ಅತ್ಯುತ್ತಮ ಅಂಕದಲ್ಲಿ ಪಾಸಾದರು. ಆಮೇಲೆ ಲಿಂಡೆಯವರ ಕೈಕೆಳಗೆ ಪ್ಯಾರಿಸ್‌ನಲ್ಲಿ ಐಸ್ ಪ್ಲಾಂಟ್ ಕೆಲಸ. ಮೀನಿನ ವ್ಯಾಪಾರಕ್ಕೆ ಐಸೂ ಬೇಕು, ಬೋಟಿಗೆ ಡೀಸೆಲೂ ಬೇಕು. ಎರಡೂ ಒಂದೇ ಗುರು ಶಿಷ್ಯರ ಕೈಯಲ್ಲಿ ಹಾದು ಬಂದದ್ದು ನನಗೆ ಯಾವಾಗಲೂ ಮಜವಾಗಿ ಕಾಣುತ್ತದೆ.

ಲಿಂಡೆ ಪಾಠ ಮಾಡುವಾಗ ಹೇಳಿದ ಒಂದು ವಿಷಯ ಅವರ ತಲೆಯಲ್ಲಿ ಕೂತಿತ್ತು. ಆ ಕಾಲದ ಉಗಿ ಯಂತ್ರಗಳು ಉರಿಸಿದ ಕಲ್ಲಿದ್ದಲಿನ ಶಕ್ತಿಯಲ್ಲಿ ಹತ್ತರಲ್ಲಿ ಒಂದು ಪಾಲನ್ನೂ ಸರಿಯಾಗಿ ಕೆಲಸಕ್ಕೆ ತರುತ್ತಿರಲಿಲ್ಲ, ಉಳಿದದ್ದೆಲ್ಲ ಹೊಗೆಯಲ್ಲಿ ಹೋಗುತ್ತಿತ್ತು. ಅಂಥ ದೊಡ್ಡ ಯಂತ್ರ ಇಡಲು ದೊಡ್ಡ ಬಂಡವಾಳಗಾರನಿಗೆ ಮಾತ್ರ ಸಾಧ್ಯ. ಸಣ್ಣ ಕಸುಬಿನವನೂ ಇಟ್ಟುಕೊಳ್ಳಬಹುದಾದ, ಕಡಿಮೆ ಇಂಧನ ಕುಡಿಯುವ ಯಂತ್ರ ಬೇಕು ಅನ್ನುವುದು ಡೀಸೆಲ್ ಅವರ ಆಸೆ.

ಉಪಾಯ ಸರಳ. ಸೈಕಲ್‌ಗೆ ಗಾಳಿ ಹಾಕುವಾಗ ಪಂಪ್‌ನ ಬುಡ ಬಿಸಿಯಾಗುತ್ತದೆ ಅಲ್ವಾ? ಗಾಳಿಯನ್ನು ಗಟ್ಟಿಯಾಗಿ ಒತ್ತಿದರೆ ಅದು ಕಾಯುತ್ತದೆ. ಇನ್ನೂ ಜಾಸ್ತಿ ಒತ್ತಿ, ಅದರೊಳಗೆ ಇಂಧನ ಚಿಮ್ಮಿಸಿದರೆ ಕಿಡಿ ಇಲ್ಲದೆಯೇ ಹೊತ್ತಿಕೊಳ್ಳುತ್ತದೆ. 1893ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಅದೇ ವರ್ಷ ಆಗಸ್ಟ್‌ನಲ್ಲಿ ಆಗ್ಸ್‌ಬರ್ಗ್‌ನ ಕಾರ್ಖಾನೆಯಲ್ಲಿ ಮೊದಲ ಇಂಜಿನ್‌ನ ಪರೀಕ್ಷೆ ಮಾಡುವಾಗ ಒತ್ತಡ ಅಳೆಯುವ ಉಪಕರಣ ಸಿಡಿದು, ಹತ್ತಿರ ಇದ್ದವರು ಕೂದಲೆಳೆಯಲ್ಲಿ ಪಾರಾದರು. ಇನ್ನೂ ನಾಲ್ಕು ವರ್ಷ ಒದ್ದಾಡಿದ ಮೇಲೆ, 1897ರ ಫೆಬ್ರವರಿಯಲ್ಲಿ ಪ್ರೊಫೆಸರ್ ಶ್ರೋಟರ್ ಅಳೆದು ನೋಡಿದಾಗ ಇಂಜಿನ್ ಶೇ. 26.2ರಷ್ಟು ಶಕ್ತಿಯನ್ನು ಕೆಲಸಕ್ಕೆ ತಂದಿತ್ತು. ಜಗತ್ತು ತಿರುಗಿ ನೋಡಿತು.

ಈಗ ಎಣ್ಣೆಯ ವಿಷಯಕ್ಕೆ ಬರೋಣ. ಶುರುವಿನಲ್ಲಿ ಡೀಸೆಲ್ ಯೋಚಿಸಿದ್ದು ಕಲ್ಲಿದ್ದಲ ಪುಡಿಯ ಬಗ್ಗೆಯೂ ಹೌದು, ಕೊನೆಗೆ ಇಂಜಿನ್ ಓಡಿದ್ದು ಸೀಮೆಎಣ್ಣೆಯಂಥ ಖನಿಜ ತೈಲದಲ್ಲಿ. ನೆಲಕಡಲೆ ಎಣ್ಣೆ ಬಂದದ್ದು 1900ರ ಪ್ಯಾರಿಸ್ ಪ್ರದರ್ಶನದಲ್ಲಿ. ಒಟ್ಟೊ ಕಂಪೆನಿಯವರು ಫ್ರೆಂಚ್ ಸರಕಾರದ ಬೇಡಿಕೆಯಂತೆ ಒಂದು ಸಣ್ಣ ಇಂಜಿನನ್ನು ಅದರಲ್ಲಿ ಓಡಿಸಿ ತೋರಿಸಿದರು. ಆಫ್ರಿಕಾದ ವಸಾಹತುಗಳಲ್ಲಿ ನೆಲಕಡಲೆ ಧಾರಾಳ ಬೆಳೆಯುತ್ತಿತ್ತು, ಅಲ್ಲೇ ಇಂಧನ ಆದರೆ ಹೊರಗಿನಿಂದ ತರುವುದು ತಪ್ಪುತ್ತದೆ ಅನ್ನುವ ಲೆಕ್ಕಾಚಾರ. ಖನಿಜ ತೈಲಕ್ಕೆಂದು ಕಟ್ಟಿದ ಇಂಜಿನ್, ಏನೂ ಬದಲಾಯಿಸದೆ ಓಡಿತು. ನೋಡಿದವರಲ್ಲಿ ಹೆಚ್ಚಿನವರಿಗೆ ವ್ಯತ್ಯಾಸವೇ ತಿಳಿಯಲಿಲ್ಲವಂತೆ. ಡೀಸೆಲ್ ಆಮೇಲೆ ಇದರ ಬಗ್ಗೆ ಆಸಕ್ತಿ ತೆಗೆದುಕೊಂಡು, 1912ರ ಹೊತ್ತಿಗೆ ಸಸ್ಯದ ಎಣ್ಣೆಗೂ ಒಂದು ಕಾಲ ಬರಬಹುದು ಅಂತ ಬರೆದರು. ಆದರೆ ಪೆಟ್ರೋಲಿಯಂ ಅಗ್ಗವಾಗಿತ್ತು, ಮಾರುಕಟ್ಟೆ ಅತ್ತ ಹೋಯಿತು. ಇಂಜಿನ್‌ಗಳೂ ಆ ತೆಳು ಎಣ್ಣೆಗೆ ಹೊಂದಿಕೊಂಡು ನಯವಾದವು.

ಇಲ್ಲೇ ತೊಡಕು. ಅಡುಗೆ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ದಪ್ಪ. ಇವತ್ತಿನ ಪಿಕಪ್‌ಗೆ ಹಾಗೇ ಸುರಿದರೆ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ, ರಿಪೇರಿ ಬಿಲ್ ನೋಡಿ ತಲೆ ತಿರುಗುತ್ತದೆ. ಎಣ್ಣೆಯನ್ನೇ ತೆಳುವಾಗಿಸುವ ದಾರಿಗೆ 1937ರಲ್ಲಿ ಬ್ರಸೆಲ್ಸ್‌ನ ಜಿ. ಶಾವಾನ್ ಪೇಟೆಂಟ್ ಪಡೆದರು. ಮರುವರ್ಷ ತಾಳೆ ಎಣ್ಣೆಯಿಂದ ಮಾಡಿದ ಇಂಧನದಲ್ಲಿ ಬ್ರಸೆಲ್ಸ್‌ನಿಂದ ಲೂವೆನ್‌ಗೆ ಬಸ್ಸು ಓಡಿತು. ಈಗ ಕೆಲವರು ಮನೆಯಲ್ಲೇ ಮಾಡುವ ಬಯೋಡೀಸೆಲ್‌ನ ಮೂಲವೂ ಇದೇ. ಕರಿದ ಎಣ್ಣೆ ಸೋಸಿ, ನೀರಿನಂಶ ಹೋಗುವಷ್ಟು ಕಾಯಿಸಬೇಕು. 100 ಲೀಟರ್‌ಗೆ ಸುಮಾರು 20 ಲೀಟರ್ ಮೆಥನಾಲ್, ಅದರಲ್ಲಿ ಕರಗಿಸಿದ ಕಾಸ್ಟಿಕ್ ಸೋಡಾ. 55 ಡಿಗ್ರಿ ಬಿಸಿಯಲ್ಲಿ ಕಲಸಿ ರಾತ್ರಿ ಬಿಟ್ಟರೆ ಕೆಳಗೆ ಕಪ್ಪು ಗ್ಲಿಸರಿನ್, ಮೇಲೆ ತೆಳು ಇಂಧನ. ಮೇಲಿನದ್ದನ್ನು ನೀರಿನಲ್ಲಿ ತೊಳೆದು ಒಣಗಿಸಬೇಕು. ಹೊಸ ಎಣ್ಣೆಗೆ ಲೀಟರ್‌ಗೆ 3.5 ಗ್ರಾಂ ಸೋಡಾ ಸಾಕು, ಹಳೆ ಎಣ್ಣೆಗೆ ಅದರ ಹುಳಿ ಪರೀಕ್ಷಿಸಿ ಹೆಚ್ಚು ಹಾಕಬೇಕು. ಲೆಕ್ಕ ತಪ್ಪಿದರೆ ಸಿಗುವುದು ಸಾಬೂನು.

ಕೇಳಲು ಸುಲಭ, ಆದರೆ ನಮ್ಮ ಹುಡುಗರು ವೀಡಿಯೊ ನೋಡಿ ಅಡುಗೆ ಮನೆಯಲ್ಲಿ ಶುರು ಮಾಡುವುದು ಬೇಡ. ಮೆಥನಾಲ್ ವಿಷ, ಕಣ್ಣು ಹೋಗುತ್ತದೆ. ಅದರ ಬೆಂಕಿ ಹಗಲಲ್ಲಿ ಕಾಣುವುದೂ ಇಲ್ಲ. ಹೊಟೇಲ್, ಬೇಕರಿ ಇರುವವರಿಗೆ ನೇರ ದಾರಿ ಇದೆ: ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ರೂಕೊ ಅನ್ನುವ ಯೋಜನೆ ತಂದಿದೆ, ಕರಿದ ಎಣ್ಣೆಯನ್ನು ಅನುಮತಿ ಪಡೆದ ಸಂಗ್ರಹಕಾರರಿಗೆ ಕೊಟ್ಟರೆ ಅದು ಬಯೋಡೀಸೆಲ್ ಆಗುತ್ತದೆ. ಸಿಕ್ಕಿದವರಿಗೆ ಮಾರಿದರೆ ಅದೇ ಎಣ್ಣೆ ಇನ್ನೊಬ್ಬರ ಬಾಣಲೆಗೆ ಹೋಗುವುದಿಲ್ಲ ಅಂತ ಯಾರು ಗ್ಯಾರಂಟಿ ಕೊಡುತ್ತಾರೆ?

ಮತ್ತೆ ಡೀಸೆಲ್ ಅವರ ಕಥೆಗೆ. ಇಂಜಿನ್ ಗೆದ್ದ ಮೇಲೆ ಹಣ ಹರಿದು ಬಂತು. ಅಮೆರಿಕದ ಹಕ್ಕನ್ನು ಬಿಯರ್ ಉದ್ಯಮಿ ಬುಷ್ ಕೊಂಡುಕೊಂಡರು, ಉಳಿದ ಹಕ್ಕುಗಳು 1898ರಲ್ಲಿ ಒಂದು ಕಂಪೆನಿಗೆ ಹೋದವು. ಕೋಟ್ಯಧಿಪತಿಯಾದ ಡೀಸೆಲ್ ಮ್ಯೂನಿಕ್‌ನಲ್ಲಿ ಅರಮನೆಯಂಥ ಮನೆ ಕಟ್ಟಿಸಿದರು. ಆದರೆ ಲೈಸೆನ್ಸ್ ಪಡೆದವರು ಮಾಡಿದ ಮೊದಲ ಇಂಜಿನ್‌ಗಳು ಕೆಟ್ಟು ನಿಂತವು, ದೂರು ಬಂತು, ಪೇಟೆಂಟ್ ತಕರಾರು ಬಂತು, ಆರೋಗ್ಯ ಕುಸಿಯಿತು. ಜಾಗದ ವ್ಯವಹಾರದಲ್ಲಿ ಕೈ ಸುಟ್ಟುಕೊಂಡರು. ಕೆಲಸಗಾರರೇ ಒಟ್ಟಾಗಿ ಉದ್ಯಮ ನಡೆಸುವ ಬಗ್ಗೆ 1903ರಲ್ಲಿ ಪುಸ್ತಕ ಬರೆದರು, ಅದೂ ಮಾರಾಟವಾಗಲಿಲ್ಲ. ಇಂಜಿನ್‌ನಲ್ಲಿ ಶೇಕಡಾ ಒಂದು ನಷ್ಟವನ್ನೂ ಬಿಡದ ಮನುಷ್ಯ ಸ್ವಂತ ಲೆಕ್ಕ ಪುಸ್ತಕದಲ್ಲಿ ಸೋರಿಕೆ ನೋಡಲೇ ಇಲ್ಲ. ಹೊರಗೆ ಮಾತ್ರ ಸಿರಿವಂತರಾಗಿಯೇ ಇದ್ದರು.

1913ರ ಸೆಪ್ಟೆಂಬರ್ 29ರ ಸಂಜೆ ಆಂಟ್‌ವರ್ಪ್‌ನಿಂದ ಇಂಗ್ಲೆಂಡ್‌ಗೆ ಹೋಗುವ ಡ್ರೆಸ್ಡೆನ್ ಹಡಗು ಹತ್ತಿದರು. ರಾತ್ರಿ ಊಟ ಮಾಡಿ, ಬೆಳಗ್ಗೆ 6.15ಕ್ಕೆ ಎಬ್ಬಿಸಲು ಹೇಳಿ ಕ್ಯಾಬಿನ್‌ಗೆ ಹೋದವರು ಬೆಳಗ್ಗೆ ಇರಲಿಲ್ಲ. ಟೋಪಿ ಮತ್ತು ಮಡಚಿಟ್ಟ ಕೋಟು ಡೆಕ್‌ನ ಕಂಬಿಯ ಹತ್ತಿರ ಸಿಕ್ಕಿದವು.

ಕೊಂದರು ಅನ್ನುವ ಮಾತು ಆಗಲೇ ಹುಟ್ಟಿತು. ಆದರೆ ಅವರ ಇಂಜಿನ್‌ಗಳು ಆ ಹೊತ್ತಿಗೆ ಹೆಚ್ಚಾಗಿ ಕುಡಿಯುತ್ತಿದ್ದದ್ದು ಖನಿಜ ತೈಲವನ್ನೇ. ಗಿರಾಕಿ ಹೆಚ್ಚಿಸಿಕೊಟ್ಟವನನ್ನು ತೈಲದ ವ್ಯಾಪಾರಿ ಯಾಕೆ ಕೊಲ್ಲುತ್ತಾನೆ? ಹೋಗುವ ಮೊದಲು ಹೆಂಡತಿ ಮಾರ್ಥಾ ಕೈಗೆ ಒಂದು ಚೀಲ ಕೊಟ್ಟು, ಒಂದು ವಾರ ತೆರೆಯಬೇಡ ಅಂದಿದ್ದರು. ಅದರಲ್ಲಿ ಎರಡು ಲಕ್ಷ ಮಾರ್ಕ್ ಇತ್ತು. ಬ್ಯಾಂಕ್ ಖಾತೆಗಳು ಹೆಚ್ಚುಕಮ್ಮಿ ಖಾಲಿ, ಡೈರಿಯಲ್ಲಿ ಸೆಪ್ಟೆಂಬರ್ 29ರ ಎದುರು ಒಂದು ಶಿಲುಬೆ ಗುರುತು. ಹತ್ತು ದಿನಗಳ ಬಳಿಕ ಒಂದು ಡಚ್ ಹಡಗಿನವರಿಗೆ ಕಡಲಲ್ಲಿ ಹೆಣ ಸಿಕ್ಕಿತು. ಕೊಳೆತಿದ್ದರಿಂದ ಕಿಸೆಯ ಸಾಮಾನು ತೆಗೆದುಕೊಂಡು ಹೆಣವನ್ನು ನೀರಿಗೇ ಬಿಟ್ಟರು. ಮಾತ್ರೆಯ ಡಬ್ಬಿ, ಸಣ್ಣ ಚೂರಿ, ಕನ್ನಡಕದ ಕೇಸು. ಅಕ್ಟೋಬರ್ 13ರಂದು ಮಗ ಯುಜೀನ್ ಅವು ತಂದೆಯವೇ ಅಂತ ಗುರುತಿಸಿದರು.