ಬೇರು ಹುದುಗಿದರೆ ಔಷಧಿ ಗುಣ ಹೆಚ್ಚುತ್ತದೆಯೇ? ಉತ್ತರದ ದಾರಿ ತೋರಿದ ಲೂಯಿ ಪಾಶ್ಚರ್

ಔಷಧಿ ಬೇರುಗಳನ್ನು ಬೆಲ್ಲದ ನೀರಿನಲ್ಲಿ ಹುದುಗಿಸಿ ಕುಡಿದರೆ ಅವುಗಳ ಶಕ್ತಿ ಹಲವು ಪಟ್ಟು ಹೆಚ್ಚುತ್ತದೆ ಎಂಬ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಇದರಲ್ಲಿ ನಿಜವೆಷ್ಟು? ತಿಳಿಯಬೇಕಾದರೆ ಮೊದಲು ಹುದುಗುವಿಕೆ ಎಂದರೇನೆಂದು ಗೊತ್ತಿರಬೇಕು. ಅದನ್ನು ಜಗತ್ತಿಗೆ ತಿಳಿಸಿಕೊಟ್ಟವರು ಲೂಯಿ ಪಾಶ್ಚರ್.

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ದೋಲ್ ಊರಿನಲ್ಲಿ. ತಂದೆಯದು ಚರ್ಮ ಹದ ಮಾಡುವ ಕಸುಬು. ಮಗ ಕಲಿತದ್ದು ರಸಾಯನಶಾಸ್ತ್ರ, ವೈದ್ಯಕೀಯವಲ್ಲ. 1854ರಲ್ಲಿ ಅವರು ಲಿಲ್ ನಗರದಲ್ಲಿ ಪ್ರಾಧ್ಯಾಪಕರಾದರು.

1856ರಲ್ಲಿ ಬಿಗೊ ಎಂಬ ಉದ್ಯಮಿ ಸಹಾಯ ಕೇಳಿ ಬಂದರು. ಅವರ ಕಾರ್ಖಾನೆಯಲ್ಲಿ ಬೀಟ್ ಬೇರಿನ ರಸವನ್ನು ಹುದುಗಿಸಿ ಮದ್ಯಸಾರ ತಯಾರಿಸುತ್ತಿದ್ದರು. ಕೆಲವು ತೊಟ್ಟಿಗಳಲ್ಲಿ ಮದ್ಯಸಾರ ಬರುತ್ತಿತ್ತು, ಕೆಲವು ಹುಳಿಯಾಗಿ ಕೆಡುತ್ತಿದ್ದವು. ಪಾಶ್ಚರ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಳ್ಳೆಯ ತೊಟ್ಟಿಯಲ್ಲಿ ದುಂಡನೆಯ ಯೀಸ್ಟ್ ಇತ್ತು. ಹುಳಿಯಾದ ತೊಟ್ಟಿಯಲ್ಲಿ ಅದಕ್ಕಿಂತ ಬಹಳ ಚಿಕ್ಕದಾದ ಬೇರೆ ಜೀವಿಗಳಿದ್ದವು, ಲ್ಯಾಕ್ಟಿಕ್ ಆಮ್ಲವೂ ಇತ್ತು.

ಹುದುಗುವಿಕೆ ಜೀವವಿಲ್ಲದ ರಾಸಾಯನಿಕ ಕೊಳೆಯುವಿಕೆ ಎಂದು ಆಗಿನ ದೊಡ್ಡ ವಿಜ್ಞಾನಿಗಳು ನಂಬಿದ್ದರು. ಅದು ಜೀವಿಗಳ ಕೆಲಸ, ಜೀವಿ ಬದಲಾದರೆ ಫಲವೂ ಬದಲಾಗುತ್ತದೆ ಎಂದು 1857ರಿಂದ ಪಾಶ್ಚರ್ ತೋರಿಸುತ್ತಾ ಹೋದರು. ಬೇಡದ ಜೀವಿಗಳನ್ನು ಹದವಾದ ಬಿಸಿಯಲ್ಲಿ ಕೊಲ್ಲುವ ಅವರ ವಿಧಾನವೇ ಇಂದಿನ ಪಾಶ್ಚರೀಕರಣ.

ಅವರ ಬದುಕು ಸುಲಭದ್ದಾಗಿರಲಿಲ್ಲ. ಐವರು ಮಕ್ಕಳಲ್ಲಿ ಮೂವರು ಚಿಕ್ಕವಯಸ್ಸಿನಲ್ಲೇ ತೀರಿಕೊಂಡರು. ಅವರಲ್ಲಿ ಇಬ್ಬರನ್ನು ಬಲಿ ಪಡೆದದ್ದು ಟೈಫಾಯ್ಡ್. 1868ರಲ್ಲಿ ಪಾರ್ಶ್ವವಾಯು ಬಡಿದು ದೇಹದ ಎಡಭಾಗ ದುರ್ಬಲವಾಯಿತು. ಆದರೂ ಕೆಲಸ ನಿಲ್ಲಿಸಲಿಲ್ಲ. 1885ರಲ್ಲಿ ಹುಚ್ಚುನಾಯಿ ಕಚ್ಚಿದ್ದ ಹುಡುಗನಿಗೆ ರೇಬೀಸ್ ಲಸಿಕೆ ಕೊಟ್ಟರು. 1895ರ ಸೆಪ್ಟೆಂಬರ್ 28ರಂದು ತೀರಿಕೊಂಡರು.

ಈಗ ಆ ಸಂದೇಶಕ್ಕೆ ಬರೋಣ. ಅದರಲ್ಲಿ ಸ್ವಲ್ಪ ನಿಜವಿದೆ. ಜಿನ್ಸೆಂಗ್ ಬೇರಿನ ಮುಖ್ಯ ಅಂಶಗಳಾದ ಜಿನ್ಸೆನೊಸೈಡ್‌ಗಳಿಗೆ ಸಕ್ಕರೆಯ ಕಣಗಳು ಅಂಟಿಕೊಂಡಿರುತ್ತವೆ. ಹಾಗಾಗಿ ದೇಹ ಅವನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಕೆಲವು ಬ್ಯಾಕ್ಟೀರಿಯಾಗಳು ಆ ಸಕ್ಕರೆಯನ್ನು ಕತ್ತರಿಸಿ, ಬೇಗ ಹೀರಿಕೊಳ್ಳಬಲ್ಲ 'ಕಾಂಪೌಂಡ್ ಕೆ' ತಯಾರಿಸುತ್ತವೆ. ಆದರೆ ದೇಹಕ್ಕೆ ಸೇರುವುದು ಹೆಚ್ಚಿತು ಎಂದರೆ ಕಾಯಿಲೆ ವಾಸಿಯಾಯಿತು ಎಂದಲ್ಲ. ಒಂದು ಬೇರಿಗೆ ಹೊಂದುವ ಮಾತು ಎಲ್ಲ ಬೇರುಗಳಿಗೂ ಹೊಂದುವುದಿಲ್ಲ.

ನಮ್ಮ ಆಯುರ್ವೇದದ ದಶಮೂಲಾರಿಷ್ಟ, ಅಶ್ವಗಂಧಾರಿಷ್ಟಗಳೂ ಬೇರಿನ ಕಷಾಯಕ್ಕೆ ಬೆಲ್ಲ, ಧಾತಕಿ ಹೂವು ಮುಂತಾದವನ್ನು ಸೇರಿಸಿ ಹುದುಗಿಸಿದ ಔಷಧಿಗಳೇ. ಹುದುಗುವಾಗ ಅವುಗಳಲ್ಲಿ ಮದ್ಯಸಾರ ತಾನಾಗಿ ಹುಟ್ಟುತ್ತದೆ. ಗರ್ಭಿಣಿಯರು, ಯಕೃತ್ತಿನ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇವನ್ನು ಕುಡಿಯಬಾರದು.

ಮನೆಯ ಡಬ್ಬಿಯಲ್ಲಿ ಬೇರು, ಬೆಲ್ಲ ಹಾಕಿಟ್ಟರೆ ಒಳಗೆ ಬೆಳೆಯುವ ಜೀವಿ ಯಾವುದೆಂದು ಬರಿಗಣ್ಣಿಗೆ ಕಾಣದು. ಬಿಗೊ ಅವರ ಕಾರ್ಖಾನೆಯಲ್ಲಿ ಕೆಟ್ಟದ್ದು ಕೆಲವು ತೊಟ್ಟಿ ರಸ ಮಾತ್ರ. ಮನೆಯಲ್ಲಿ ಕೆಡುವುದು ಕುಡಿದವರ ಆರೋಗ್ಯ. ಆ ಸಂದೇಶವನ್ನು ಮುಂದೆ ಕಳಿಸುವ ಮೊದಲು ಇಷ್ಟನ್ನು ನೆನಪಿಡಿ.