ಅನಿಚ್ಕೋವನ ಮೊಲಗಳು

ತೆಂಗು ಮೀನುಗಳನ್ನು ನಂಬಿ ಬಾಳುವ ನಮ್ಮ ಚೆಂಡಿಯಾದಂತಹ ಕರಾವಳಿಯ ಊರುಗಳಲ್ಲಿಯೂ ಇಂದು ಕೊಲೆಸ್ಟರಾಲ್ ಎಂಬ ಶಬ್ದ ಮನೆಮಾತಾಗಿದೆ. ಆ ಶಬ್ದಕ್ಕೂ ಹೃದಯದ ಬೇನೆಗೂ ಇರುವ ನಂಟನ್ನು ತೋರಿಸಿಕೊಟ್ಟವನನ್ನು ವೈದ್ಯಲೋಕವೇನೋ ಚೆನ್ನಾಗಿ ಬಲ್ಲುದು. ಸಾಹಿತ್ಯದ ವಿದ್ಯಾರ್ಥಿಗಳೂ ಅವನನ್ನು ಅರಿಯಬೇಕೆಂದು ನನ್ನ ಆಸೆ.

ನಿಕೊಲಾಯ್ ಅನಿಚ್ಕೋವ 1885ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಜನಿಸಿದನು. ಅಲ್ಲಿಯ ಸೈನಿಕ ವೈದ್ಯ ಅಕಾಡೆಮಿಯಿಂದ 1909ರಲ್ಲಿ ಪದವೀಧರನಾದನು. ಅದಕ್ಕೆ ಮುಂಚೆಯೇ, 1908ರಲ್ಲಿ, ಇಗ್ನಾತೋವ್ಸ್ಕಿ ಎಂಬಾತನು ಮೊಲಗಳಿಗೆ ಮಾಂಸ, ಮೊಟ್ಟೆ, ಹಾಲುಗಳನ್ನು ತಿನ್ನಿಸಿ ಅವುಗಳ ರಕ್ತನಾಳಗಳು ಕೆಡುವುದನ್ನು ಕಂಡಿದ್ದನು. ದೋಷವನ್ನು ಮಾತ್ರ ಸಸಾರಜನಕದ ಮೇಲೆ ಹೊರಿಸಿದ್ದನು. ಅನಿಚ್ಕೋವನೂ ಅವನ ಜತೆಗಾರ ಖಲಾತೋವನೂ ಮೊಟ್ಟೆಯ ಹಳದಿಯಿಂದ ತೆಗೆದ ಶುದ್ಧ ಕೊಲೆಸ್ಟರಾಲನ್ನು ಸೂರ್ಯಕಾಂತಿಯ ಎಣ್ಣೆಯಲ್ಲಿ ಕರಗಿಸಿ ಕೆಲವು ಮೊಲಗಳಿಗೆ ಉಣಿಸಿದರು. ಬೇರೆ ಕೆಲವಕ್ಕೆ ಬರಿಯ ಎಣ್ಣೆ. ಮೊದಲಿನವುಗಳ ನಾಳಗಳಲ್ಲಿ ಕೊಬ್ಬು ಕಟ್ಟಿತು, ಎರಡನೆಯವು ನೆಟ್ಟಗಿದ್ದವು. 1913ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಲೋಕ ಒಪ್ಪಲಿಲ್ಲ. ಇತರರು ಇಲಿಗಳಿಗೂ ನಾಯಿಗಳಿಗೂ ಅದನ್ನೇ ತಿನ್ನಿಸಿ ನೋಡಿದರು, ಏನೂ ಆಗಲಿಲ್ಲ. ಸೊಪ್ಪು ಮೇಯುವ ಮೊಲದ ಮಾತನ್ನು ಮನುಷ್ಯನಿಗೆ ಅನ್ವಯಿಸುವುದೆಂತು? ಆ ಪ್ರಾಣಿಗಳ ಯಕೃತ್ತು ಕೊಲೆಸ್ಟರಾಲನ್ನು ಬೇಗ ಪಿತ್ತಾಮ್ಲವಾಗಿಸಿಬಿಡುವುದರಿಂದ ರಕ್ತದಲ್ಲಿ ಅದು ಏರುವುದೇ ಇಲ್ಲವೆಂಬುದು ಬಳಿಕ ತಿಳಿದ ಸಂಗತಿ. ನಾಯಿಯ ಥೈರಾಯ್ಡ್ ಗ್ರಂಥಿಯನ್ನು ಕುಗ್ಗಿಸಿದರೆ ಅದರಲ್ಲಿಯೂ ಬೇನೆ ಮೂಡುವುದೆಂದು 1946ರಲ್ಲಿ ಸ್ಟೈನರ್ ಮತ್ತು ಕೆಂಡಲ್ ತೋರಿಸಿದರು. ಅನಿಚ್ಕೋವನಾದರೋ ಹಟ ಹಿಡಿದವನಲ್ಲ. ರಕ್ತದ ಒತ್ತಡಕ್ಕೂ ನಾಳದ ಗೋಡೆಯ ಸ್ಥಿತಿಗೂ ಬೇನೆಯಲ್ಲಿ ಪಾಲು ಕೊಟ್ಟಿದ್ದನು. ಅವನ ಹಿರಿಮೆ ನನಗೆ ಕಾಣುವುದು ಇಲ್ಲಿಯೇ. ಪದವಿಗಳು ಬಂದವು, 1946ರಿಂದ 1953ರವರೆಗೆ ಸೋವಿಯತ್ ವೈದ್ಯವಿಜ್ಞಾನ ಅಕಾಡೆಮಿಯ ಅಧ್ಯಕ್ಷನಾಗಿದ್ದನು. 1964ರಲ್ಲಿ ತೀರಿಕೊಂಡನು.

ಔಷಧಗಳ ಪರೀಕ್ಷೆಗೆ ಅವನ ಮೊಲವೇ ಒರೆಗಲ್ಲಾಯಿತು. ಸುಶ್ರುತನ ಸಂಹಿತೆಯ ಮೇದೋರೋಗದ ವಿವರಣೆಯನ್ನು ಹಿಡಿದು ಜಿ. ವಿ. ಸತ್ಯವತಿಯವರು ಗುಗ್ಗುಲವನ್ನು ಇಂತಹ ಮೊಲಗಳ ಮೇಲೆ ಪರೀಕ್ಷಿಸಿ, 1966ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಒಪ್ಪಿಸಿದರು. ಮೊಲಕ್ಕೆ ಗುಣ ಕಂಡಿತು. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮನುಷ್ಯರ ಕೊಲೆಸ್ಟರಾಲ್ ಇಳಿಯಲಿಲ್ಲ. ಜಪಾನಿನ ಅಕಿರಾ ಎಂಡೊ ಅಣಬೆಯ ಜಾತಿಯ ಬೂಷ್ಟಿನಿಂದ ತೆಗೆದ ಮದ್ದಿನದು ಇದಕ್ಕೆ ವಿರುದ್ಧವಾದ ಕಥೆ. ಇಲಿಗಳಲ್ಲಿ ಅದು ಸೋತಿತು. ಕೈಬಿಡುವುದರಲ್ಲಿದ್ದಾಗ ಮೊಟ್ಟೆಯಿಡುವ ಕೋಳಿಗಳಿಗೆ ಕೊಟ್ಟರು, ಕೊಲೆಸ್ಟರಾಲ್ ಇಳಿಯಿತು. ಆ ಮದ್ದಿನ ವಂಶವೇ ಇಂದಿನ ಸ್ಟ್ಯಾಟಿನ್ ಗುಳಿಗೆಗಳು.